ಮಣಿಕಟ್ಟಿನ ಮಾಪಕದ ಆಯುಷ್ಯ

ಸಿಂಗಪುರದ 13 ಸಂಸ್ಥೆಗಳಲ್ಲಿ ಉದ್ಯೋಗದಲ್ಲಿದ್ದ 800 ಮಂದಿ ಸ್ತ್ರೀಪುರುಷರನ್ನು ಸೇರಿಸಿಕೊಂಡು, ಅಲ್ಲಿನ ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ವಿದ್ಯಾಲಯದ ಎರಿಕ್ ಫಿಂಕೆಲ್‌ಸ್ಟೈನ್ ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ ಒಂದು ವರ್ಷಕಾಲ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದು, ದೇಹದ ಚಟುವಟಿಕೆಯನ್ನು ಅಳೆಯುವ ಈಗಿನ ಯಂತ್ರಗಳ ಪ್ರಯೋಜನವನ್ನು ಕುರಿತು ಯೋಚಿಸತಕ್ಕವರು ಮೊಟ್ಟಮೊದಲು ಪರ್ಯಾಲೋಚಿಸಬೇಕಾದದ್ದೆಂದು ನನಗೆ ತೋರುತ್ತದೆ. ಆ ಜನರನ್ನು ಯಾದೃಚ್ಛಿಕವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಯಂತ್ರವನ್ನೇ ಕೊಡದೆ, ಇನ್ನೊಂದಕ್ಕೆ ಉಡುಪಿಗೆ ಸಿಕ್ಕಿಸಿಕೊಳ್ಳುವ ಫಿಟ್‌ಬಿಟ್ ಯಂತ್ರವನ್ನು ಮಾತ್ರ ಕೊಟ್ಟು, ಮೂರನೆಯದಕ್ಕೆ ಯಂತ್ರದೊಂದಿಗೆ ನಡಿಗೆಗೆ ಪ್ರತಿಯಾಗಿ ಧರ್ಮಕಾರ್ಯಕ್ಕೆ ಸಲ್ಲುವ ಹಣವನ್ನೂ, ನಾಲ್ಕನೆಯದಕ್ಕೆ ನಡೆದವರ ಕೈಗೇ ಸೇರುವ ಹಣವನ್ನೂ ಮೊದಲ ಆರು ತಿಂಗಳ ಮಟ್ಟಿಗೆ ಗೊತ್ತುಮಾಡಿದರು. ಹಣ ದೊರೆಯುತ್ತಿದ್ದಷ್ಟು ಕಾಲ ನಾಲ್ಕನೆಯ ಗುಂಪಿನವರು ಎಲ್ಲರಿಗಿಂತ ಹೆಚ್ಚಾಗಿ ನಡೆದರು; ಹಣ ನಿಂತ ತರುವಾಯ ಅವರ ನಡಿಗೆಯೂ ಮೊದಲಿನ ಮಟ್ಟಕ್ಕೆ ಇಳಿಯಿತು. ವರ್ಷದ ಕೊನೆಗೆ ಎಣಿಸಿ ನೋಡಿದಾಗ, ಯಂತ್ರವನ್ನು ಪಡೆದವರ ಪೈಕಿ ಅದನ್ನು ಇನ್ನೂ ಧರಿಸುತ್ತಿದ್ದವರು ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ. ತೂಕದಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಯಾವ ಗುಂಪಿಗೂ ಎದ್ದುಕಾಣುವ ಸುಧಾರಣೆ ಒದಗಿರಲಿಲ್ಲ.

ಈ ಫಲಿತಾಂಶವನ್ನು ಓದಿ ಯಂತ್ರವೇ ನಿರುಪಯುಕ್ತವೆಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆಯೆಂಬುದನ್ನು ಗಮನಿಸಬೇಕು. ಯಂತ್ರವನ್ನು ಎಷ್ಟು ಕಾಲ ಧರಿಸುತ್ತಾರೆಂಬುದು ಒಂದು ಪ್ರಶ್ನೆ. ಧರಿಸಿದ್ದ ಅವಧಿಯಲ್ಲಿ ಅದು ಧರಿಸಿದವರಲ್ಲಿ ಏನನ್ನು ಉಳಿಸಿ ಹೋಗುತ್ತದೆಂಬುದು ಮತ್ತೊಂದು. ಮೊದಲನೆಯದನ್ನು ಅಳೆಯುವುದು ಸುಲಭವಾದ್ದರಿಂದ ಎಲ್ಲರೂ ಅದನ್ನೇ ಅಳೆಯುತ್ತಾರೆ, ಆದರೆ ಎರಡನೆಯದೇ ಮುಖ್ಯವಾದುದು.

ಮೊದಲಿಗೆ ಈ ಯಂತ್ರ ಏನನ್ನು ಬಲ್ಲದು, ಏನನ್ನು ಅರಿಯದು ಎಂಬುದನ್ನು ತಿಳಿದುಕೊಳ್ಳೋಣ. ಮಣಿಕಟ್ಟಿಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡಿನ ಒಡಲಲ್ಲಿ ಸಿಲಿಕಾನಿನಿಂದ ಕೆತ್ತಿದ, ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸೂಕ್ಷ್ಮವಾದ ಒಂದು ತುಣುಕು ಅಷ್ಟೇ ಸೂಕ್ಷ್ಮವಾದ ಸಿಲಿಕಾನ್ ಎಳೆಗಳ ಆಧಾರದಿಂದ ತೂಗಿಕೊಂಡಿರುತ್ತದೆ. ಕೈ ಚಲಿಸಿದಾಗ ಆ ತುಣುಕು ಕೊಂಚ ಹಿಂದುಳಿದು, ಪಕ್ಕದ ಫಲಕಗಳಿಗೂ ತನಗೂ ನಡುವಣ ಅಂತರವನ್ನು ಬದಲಾಯಿಸುತ್ತದೆ. ಆ ಬದಲಾವಣೆ ವಿದ್ಯುತ್ ಸಂಕೇತವಾಗಿ ಪರಿಣಮಿಸಿ, ಮೂರು ದಿಕ್ಕುಗಳಲ್ಲಿಯೂ ಉಂಟಾಗುವ ವೇಗೋತ್ಕರ್ಷವನ್ನು ತಿಳಿಸುತ್ತದೆ. ನಡೆಯುವವನ ಕೈಬೀಸಿನಲ್ಲಿ ಒಂದು ಲಯವಿರುವುದರಿಂದ, ಆ ಲಯವನ್ನು ಗುರುತಿಸಿ ಯಂತ್ರ ಹೆಜ್ಜೆಗಳನ್ನು ಊಹಿಸುತ್ತದೆ. ಊಹಿಸುತ್ತದೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ: ತಳ್ಳುಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಡೆಯುವವನ ಹೆಜ್ಜೆಗಳಲ್ಲಿ ಹಲವು ಅದರ ಎಣಿಕೆಗೆ ಸಿಕ್ಕುವುದಿಲ್ಲ, ಕುಳಿತಲ್ಲೇ ರೊಟ್ಟಿ ತಟ್ಟುವವಳ ಕೈಯ ಲಯ ನಡಿಗೆಯೆಂದು ಲೆಕ್ಕಕ್ಕೆ ಸೇರುವುದುಂಟು. ನಾಡಿಯ ಮಿಡಿತವನ್ನು ಅಳೆಯುವ ಬಗೆ ಬೇರೆ. ಬ್ಯಾಂಡಿನ ಅಡಿಭಾಗದಲ್ಲಿ ಮಿನುಗುವ ಹಸುರು ಬೆಳಕನ್ನು ರಕ್ತದಲ್ಲಿರುವ ಹೀಮೋಗ್ಲೋಬಿನ್ ಚೆನ್ನಾಗಿ ಹೀರಿಕೊಳ್ಳುವುದರಿಂದ, ಹೃದಯದ ಪ್ರತಿಯೊಂದು ಮಿಡಿತಕ್ಕೂ ಚರ್ಮದ ಕೆಳಗಿನ ಸೂಕ್ಷ್ಮ ನಾಳಗಳಲ್ಲಿ ರಕ್ತ ತುಂಬಿ ಇಳಿಯುವಾಗ ಹಿಂದಿರುಗುವ ಬೆಳಕು ಕ್ರಮವಾಗಿ ಕುಂದಿ ಹೆಚ್ಚುತ್ತದೆ. ಆ ಏರಿಳಿತವೇ ನಾಡಿಯ ಲೆಕ್ಕ.

ಈ ಎರಡು ಮಾಪನಗಳಿಂದ ಖರ್ಚಾದ ಶಕ್ತಿಯ ಪ್ರಮಾಣವನ್ನೂ ಗಣಿಸಿ ಕ್ಯಾಲೊರಿಗಳಲ್ಲಿ ತೋರಿಸಲು ಹೊರಟಾಗ ಯಂತ್ರ ತನ್ನ ಸಾಮರ್ಥ್ಯದ ಎಲ್ಲೆಯನ್ನು ಮೀರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 60 ಮಂದಿ ಸ್ವಯಂಸೇವಕರ ಮೇಲೆ ಏಳು ಬಗೆಯ ಯಂತ್ರಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ನಾಡಿಯನ್ನು ಅಳೆಯುವುದರಲ್ಲಿ ಆರು ಯಂತ್ರಗಳ ದೋಷ ಶೇಕಡ 5ರೊಳಗೆ ಇತ್ತು. ಶಕ್ತಿಯ ಲೆಕ್ಕದಲ್ಲಿಯಾದರೋ ಅತ್ಯುತ್ತಮವಾದ ಯಂತ್ರವೇ ಶೇಕಡ 27ರಷ್ಟು ತಪ್ಪಿತು, ಅತ್ಯಂತ ಕೆಳಮಟ್ಟದ್ದು ಶೇಕಡ 93ರಷ್ಟು. ಆದಕಾರಣ, ಇಷ್ಟು ಕ್ಯಾಲೊರಿ ಕರಗಿತೆಂದು ಯಂತ್ರ ತೋರಿಸಿದ್ದನ್ನು ನಂಬಿ ಅಷ್ಟರ ಮಟ್ಟಿಗೆ ಹೆಚ್ಚಾಗಿ ಉಣ್ಣುವವರು ತಮಗೆ ತಾವೇ ಅಪಕಾರ ಮಾಡಿಕೊಂಡಂತೆ. ಹೆಜ್ಜೆಯೆಣಿಕೆಯ ದೋಷ ಅಷ್ಟು ಭಯಪಡತಕ್ಕದ್ದಲ್ಲ. ಏಕೆಂದರೆ ಒಬ್ಬನೇ ವ್ಯಕ್ತಿ ಒಂದೇ ಯಂತ್ರವನ್ನು ಪ್ರತಿದಿನ ಧರಿಸಿದಾಗ ಅದು ತಪ್ಪುವ ಬಗೆಯೂ ಹೆಚ್ಚುಕಡಮೆ ಒಂದೇ ಆಗಿರುವುದರಿಂದ, ಕಳೆದ ವಾರಕ್ಕಿಂತ ಈ ವಾರ ಹೆಚ್ಚು ನಡೆದೆನೋ ಇಲ್ಲವೋ ಎಂಬ ಪ್ರಶ್ನೆಗೆ ಅದರ ಉತ್ತರವನ್ನು ಧಾರಾಳವಾಗಿ ನಂಬಬಹುದು.

ಮೊದಲ ದಿನಗಳಲ್ಲಿ ಯಂತ್ರದಿಂದ ಉಪಕಾರವಾಗುತ್ತದೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಸುಮಾರು 1,64,000 ಮಂದಿಯನ್ನು ಒಳಗೊಂಡ ಅಧ್ಯಯನಗಳ 39 ಸಮೀಕ್ಷೆಗಳನ್ನು ಒಟ್ಟುಗೂಡಿಸಿ ದಕ್ಷಿಣ ಆಸ್ಟ್ರೇಲಿಯ ವಿಶ್ವವಿದ್ಯಾನಿಲಯದವರು 2022ರಲ್ಲಿ ಪ್ರಕಟಿಸಿದ ಬರಹದಂತೆ, ಇಂತಹ ಯಂತ್ರಗಳನ್ನು ಧರಿಸಿದವರ ನಡಿಗೆ ದಿನಕ್ಕೆ ಸರಾಸರಿ 1,800 ಹೆಜ್ಜೆಗಳಷ್ಟು ಹೆಚ್ಚುತ್ತದೆ. ಇದಕ್ಕೆ ಕಾರಣವನ್ನು ಬಹಳ ದೂರ ಅರಸಬೇಕಾಗಿಲ್ಲ. ತಾನು ದಿನವಿಡೀ ಓಡಾಡುತ್ತಲೇ ಇದ್ದೇನೆಂದು ಪ್ರಾಮಾಣಿಕವಾಗಿಯೇ ನಂಬಿದ್ದ ಮನುಷ್ಯನಿಗೆ, ಕಚೇರಿಯ ಕುರ್ಚಿಗೂ ಮನೆಯ ಸೋಫಾಕ್ಕೂ ನಡುವೆ ತಾನು ನಡೆದದ್ದು ಮೂರು ಸಾವಿರ ಹೆಜ್ಜೆಗಳಿಗೂ ಕಡಮೆಯೆಂಬ ವಾಸ್ತವಾಂಶ ಎದುರಾದಾಗ, ಆ ಅರಿವೇ ಅವನನ್ನು ಎಬ್ಬಿಸಿ ನಡೆಸುತ್ತದೆ. ಆದರೆ ಅರಿವು ಒಮ್ಮೆ ಉಂಟಾದ ಮೇಲೆ ಮತ್ತೆ ಮತ್ತೆ ಉಂಟಾಗಲಾರದು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಮಾರುಕಟ್ಟೆಗೆ ನಡೆದುಹೋದರೆ ಎಷ್ಟು ಹೆಜ್ಜೆ, ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿದರೆ ಎಷ್ಟು ಎಂಬುದೆಲ್ಲ ಅವನಿಗೆ ಯಂತ್ರವನ್ನು ನೋಡದೆಯೇ ತಿಳಿದಿರುತ್ತದೆ. ಯಂತ್ರ ಹೇಳುವುದು ಹಳೆಯ ಸುದ್ದಿಯಾಗುತ್ತದೆ. ಒಂದು ದಿನ ಚಾರ್ಜ್ ಮಾಡಲು ಮರೆತದ್ದು ಎರಡು ದಿನವಾಗಿ, ಕೊನೆಗೆ ಬ್ಯಾಂಡು ಮೇಜಿನ ಡ್ರಾಯರು ಸೇರುತ್ತದೆ. ಇದನ್ನು ಮನೋದಾರ್ಢ್ಯದ ಕೊರತೆಯೆಂದು ಜರೆಯುವುದು ನ್ಯಾಯವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಲಿಸಬೇಕಾದದ್ದನ್ನು ಕಲಿಸಿ ಮುಗಿಸಿದ ಯಂತ್ರವನ್ನು ಕೆಳಗಿಟ್ಟರೆ ದೋಷವೇನು?

ದೋಷವಿರುವುದು, ಅದು ಕಲಿಸುತ್ತಿದ್ದ ಅವಧಿಯಲ್ಲಿ ಕಲಿತದ್ದು ಅಭ್ಯಾಸವಾಗಿ ಬೇರೂರದೆ ಹೋದರೆ. ಈ ವಿಷಯದಲ್ಲಿ ಲಂಡನ್ನಿನಲ್ಲಿ ನಡೆದ ಇನ್ನೊಂದು ಪ್ರಯೋಗ ಸಿಂಗಪುರದ್ದಕ್ಕಿಂತ ಹೆಚ್ಚು ಬೋಧಪ್ರದವಾಗಿದೆ. ಪೇಸ್-ಅಪ್ ಎಂಬ ಹೆಸರಿನ ಆ ಪ್ರಯೋಗದಲ್ಲಿ, 45ರಿಂದ 75 ವರ್ಷದೊಳಗಿನ, ವಿಶೇಷವಾದ ವ್ಯಾಯಾಮವಿಲ್ಲದ 1,023 ಮಂದಿಯನ್ನು ಆರಿಸಿ, ಕೆಲವರನ್ನು ಅವರ ಪಾಡಿಗೆ ಬಿಟ್ಟು, ಉಳಿದವರಿಗೆ ಸಾಧಾರಣವಾದ ಹೆಜ್ಜೆಮಾಪಕವೊಂದನ್ನೂ, ನಡಿಗೆಯ ಕೈಪಿಡಿಯೊಂದನ್ನೂ, ಬರೆದಿಡಲು ದಿನಚರಿಯೊಂದನ್ನೂ ಒದಗಿಸಿದರು. ಇವರಲ್ಲಿ ಅರ್ಧದಷ್ಟು ಜನಕ್ಕೆ ದಾದಿಯರ ಸಲಹೆಯೂ ಇತ್ತು. ಮಿಕ್ಕವರಿಗೆ ಎಲ್ಲವೂ ಅಂಚೆಯ ಮೂಲಕವೇ ಬಂದವು. ಕಾರ್ಯಕ್ರಮ ನಡೆದದ್ದು ಕೇವಲ 12 ವಾರ. ಗುರಿಯನ್ನು ಹೊರಗಿನಿಂದ ಹೇರದೆ, ಪ್ರತಿಯೊಬ್ಬರೂ ತಾವು ಆವರೆಗೆ ನಡೆಯುತ್ತಿದ್ದುದಕ್ಕೆ ಮೊದಲು 1,500, ಅನಂತರ 3,000 ಹೆಜ್ಜೆಗಳನ್ನು ವಾರದ ಹೆಚ್ಚಿನ ದಿನಗಳಲ್ಲಿ ಕೂಡಿಸಿಕೊಳ್ಳುವಂತೆ ಸೂಚಿಸಲಾಗಿತ್ತು. ಮೂರು ವರ್ಷಗಳಾದ ಮೇಲೆ ಮತ್ತೆ ಅಳೆದು ನೋಡಿದಾಗ, ಹೆಜ್ಜೆಮಾಪಕವನ್ನು ಪಡೆದಿದ್ದವರು ಆಗ ತಮ್ಮ ಪಾಡಿಗೆ ಬಿಟ್ಟಿದ್ದವರಿಗಿಂತ ದಿನಕ್ಕೆ ಆರು ನೂರಕ್ಕೂ ಮಿಕ್ಕು ಹೆಜ್ಜೆಗಳನ್ನು ಇನ್ನೂ ಹೆಚ್ಚಾಗಿ ನಡೆಯುತ್ತಿದ್ದರು. ಅಂಚೆಯಿಂದ ಮಾತ್ರ ನೆರವು ಪಡೆದವರು ದಾದಿಯರನ್ನು ಕಂಡವರಿಗಿಂತ ಹಿಂದೆ ಬಿದ್ದಿರಲಿಲ್ಲ. ಆರು ನೂರು ಹೆಜ್ಜೆ ಅಲ್ಪವೆಂದು ತೋರಬಹುದು. ಆದರೆ ಹನ್ನೆರಡು ವಾರದ ಪ್ರಯತ್ನವೊಂದು ಮೂರು ವರ್ಷ ಬಾಳಿತೆಂಬುದು ಸಾಮಾನ್ಯವಾದ ಸಂಗತಿಯಲ್ಲ.

ಎರಡು ಪ್ರಯೋಗಗಳ ಯಂತ್ರಗಳಲ್ಲಿ ಹೇಳಿಕೊಳ್ಳತಕ್ಕ ತಾರತಮ್ಯವೇನಾದರೂ ಇದ್ದರೆ, ಸಿಂಗಪುರದ್ದೇ ಮೇಲಾದುದು. ಆದುದರಿಂದ ವ್ಯತ್ಯಾಸದ ಮೂಲವನ್ನು ಯಂತ್ರದ ಸುತ್ತಲಿದ್ದ ವ್ಯವಸ್ಥೆಯಲ್ಲಿ ಕಾಣಬೇಕು: ದಿನದ ಎಣಿಕೆಯನ್ನು ಸ್ವಹಸ್ತದಿಂದ ಬರೆದಿಡುವುದು, ನಾಳೆ ಯಾವ ಹೊತ್ತಿನಲ್ಲಿ ಯಾವ ಹಾದಿಯಲ್ಲಿ ನಡೆಯುವೆನೆಂದು ಮುಂದಾಗಿ ನಿಶ್ಚಯಿಸುವುದು, ತನ್ನ ಶಕ್ತಿಗೆ ನಿಲುಕುವ ಗುರಿಯನ್ನು ಹಂತಹಂತವಾಗಿ ಏರಿಸುವುದು, ಇವೇ ಅಭ್ಯಾಸವನ್ನು ಬೆಳೆಸುವ ಸಾಧನಗಳು. ಅಭ್ಯಾಸವೊಂದು ನೆಲೆಗೊಳ್ಳಲು ಎಷ್ಟು ದಿನ ಬೇಕೆಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯಲ್ಲಿ ಪರಿಶೀಲಿಸಿದಾಗ, ಮಧ್ಯಮ ಪ್ರಮಾಣ 66 ದಿನವೆಂದು ಕಂಡುಬಂದಿತು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನದಿಂದ 254 ದಿನದವರೆಗೂ ಹರಡಿಕೊಂಡಿತ್ತು. ಗುರುಗಳು ಮರಳಿನ ಮೇಲೆ ಬರೆದುಕೊಟ್ಟ ಅಕ್ಷರವನ್ನು ಮಗು ಬೆರಳಿನಿಂದ ತಿದ್ದುತ್ತ ತಿದ್ದುತ್ತ, ಕೊನೆಗೊಂದು ದಿನ ತಿದ್ದಲು ಅಕ್ಷರವೇ ಇಲ್ಲದ ಬಯಲು ಮರಳಿನ ಮೇಲೆ ತಾನೇ ಬರೆಯುವಂತೆ, ಎಣಿಕೆಯ ನೆರವಿನಿಂದ ನಡೆಯಲು ಕಲಿತವನು ಎಣಿಕೆಯಿಲ್ಲದೆಯೂ ನಡೆಯುವಂತಾದರೆ ಯಂತ್ರದ ಕೆಲಸ ಸಾರ್ಥಕವಾಯಿತು. ಹಣಕ್ಕಾಗಿ ನಡೆದವರಲ್ಲಿ ಈ ಬದಲಾವಣೆ ಘಟಿಸಲಿಲ್ಲ.

ಗುರಿಯ ವಿಚಾರದಲ್ಲಿ ಒಂದು ಮಾತು. ದಿನಕ್ಕೆ 10,000 ಹೆಜ್ಜೆಯೆಂದು ಎಲ್ಲೆಲ್ಲಿಯೂ ಕೇಳಿಬರುವ ಸಂಖ್ಯೆ ವೈದ್ಯಕೀಯ ಸಂಶೋಧನೆಯ ಫಲವಾಗಿ ಹುಟ್ಟಿದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸಿನ ಮರುವರ್ಷ ಜಪಾನಿನ ಯಾಮಾಸಾ ಕಂಪೆನಿ ಮಾರಾಟಕ್ಕಿಟ್ಟ, ಅದೇ ಸಂಖ್ಯೆಯನ್ನು ಹೊತ್ತ ಹೆಜ್ಜೆಮಾಪಕದ ಹೆಸರಿನಿಂದ ಅದು ಪ್ರಚಾರಕ್ಕೆ ಬಂದಿತು. ಹಾರ್ವರ್ಡಿನ ಐ-ಮಿನ್ ಲೀ ಅವರು ಸರಾಸರಿ 72 ವರ್ಷದ 16,741 ಮಂದಿ ಮಹಿಳೆಯರ ನಡಿಗೆಯನ್ನು ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಮರಣದ ಪ್ರಮಾಣ ಶೇಕಡ 41ರಷ್ಟು ಕಡಮೆಯಿತ್ತು. 7,500ರ ಸುಮಾರಿಗೆ ಈ ಲಾಭ ಏರುವುದು ನಿಂತಿತು. ಹೆಚ್ಚು ನಡೆಯುವವರು ಮೊದಲಿನಿಂದಲೇ ಹೆಚ್ಚು ಆರೋಗ್ಯವಂತರಾಗಿರಬಹುದಾದ್ದರಿಂದ ಇಲ್ಲಿ ಎಲ್ಲವನ್ನೂ ನಡಿಗೆಯ ಲೆಕ್ಕಕ್ಕೆ ಹಾಕುವಂತಿಲ್ಲ. ಆದರೂ, ಮಂಡಿನೋವಿನಿಂದ ಬಳಲುವ ವೃದ್ಧೆಯೊಬ್ಬರು ಹತ್ತು ಸಾವಿರವನ್ನು ಮುಟ್ಟಲಾರದೆ ಖಿನ್ನರಾಗಿ ಬ್ಯಾಂಡನ್ನು ಬಿಚ್ಚಿಡುವುದಕ್ಕೆ ಬದಲಾಗಿ, ಎರಡೂವರೆ ಸಾವಿರದಿಂದ ನಾಲ್ಕು ಸಾವಿರಕ್ಕೆ ಏರಿದುದನ್ನೇ ದೊಡ್ಡ ಸಂಪಾದನೆಯೆಂದು ತಿಳಿಯಲು ಈ ಅಧ್ಯಯನ ಧೈರ್ಯ ಕೊಡುತ್ತದೆ.

ಬಹುಕಾಲದ ಧಾರಣೆಯಿಂದ ಕೆಲವರಿಗೆ ತೊಂದರೆಯೂ ಆಗುವುದುಂಟು. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದವರು ತೂಕ ಇಳಿಸಿಕೊಳ್ಳಬಯಸಿದ 471 ಮಂದಿ ತರುಣ ತರುಣಿಯರಲ್ಲಿ ಎರಡು ವರ್ಷ ನಡೆಸಿದ ಪ್ರಯೋಗದಲ್ಲಿ, ಪಥ್ಯ, ವ್ಯಾಯಾಮ, ಸಲಹೆಗಳು ಎಲ್ಲರಿಗೂ ಸಮಾನವಾಗಿದ್ದರೂ, ತೋಳಿಗೆ ಕಟ್ಟುವ ಯಂತ್ರವನ್ನು ಪಡೆದವರು ಸರಾಸರಿ 3.5 ಕಿಲೋಗ್ರಾಂ ಇಳಿದರೆ, ಪಡೆಯದವರು 5.9 ಕಿಲೋಗ್ರಾಂ ಇಳಿದರು. ಡ್ಯೂಕ್ ವಿಶ್ವವಿದ್ಯಾನಿಲಯದ ಜೋರ್ಡನ್ ಎಟ್ಕಿನ್ 2016ರಲ್ಲಿ ಪ್ರಕಟಿಸಿದ ಸಂಶೋಧನೆ ಮನಸ್ಸಿನ ಕಡೆಗೆ ಬೆಳಕು ಚೆಲ್ಲುತ್ತದೆ: ಸಂತೋಷಕ್ಕಾಗಿ ಮಾಡುತ್ತಿದ್ದ ಕೆಲಸವನ್ನು ಎಣಿಸತೊಡಗಿದರೆ, ಎಣಿಸುವಾಗ ಕೆಲಸ ಹೆಚ್ಚುತ್ತದೆ, ಸಂತೋಷ ಕುಗ್ಗುತ್ತದೆ, ಎಣಿಕೆ ನಿಂತ ಮೇಲೆ ಆ ಕೆಲಸದ ಮೇಲಣ ಒಲವೂ ತಗ್ಗುತ್ತದೆ. ಸಂಜೆಯ ವಾಯುವಿಹಾರವನ್ನು ಅದರ ತಂಪಿಗಾಗಿ, ಜೊತೆಗಾರರ ಮಾತಿಗಾಗಿ ಪ್ರೀತಿಸುವವರು ಅದಕ್ಕೆ ಸಂಖ್ಯೆಯ ಹಂಗನ್ನು ತಗುಲಿಸದಿರುವುದೇ ಲೇಸು. ನಿದ್ರೆಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಬ್ಯಾಂಡು ಕೊಟ್ಟ ನಿದ್ರೆಯ ಅಂಕಗಳನ್ನು ಪೂರ್ಣಗೊಳಿಸಬೇಕೆಂಬ ಆತಂಕದಿಂದಲೇ ನಿದ್ರೆಗೆಟ್ಟು, ಪ್ರಯೋಗಾಲಯದ ಪರೀಕ್ಷೆ ನಿದ್ರೆ ಸರಿಯಾಗಿದೆಯೆಂದು ತೋರಿಸಿದರೂ ನಂಬದ ರೋಗಿಗಳನ್ನು ಷಿಕಾಗೋ ನಗರದ ತಜ್ಞರು 2017ರಲ್ಲಿಯೇ ವರ್ಣಿಸಿದ್ದಾರೆ.

ಇದಕ್ಕೆ ವಿರುದ್ಧವಾಗಿ, ಕಾಲ ಕಳೆದಂತೆ ಬೆಲೆ ಏರುವ ಪ್ರಯೋಜನವೂ ಒಂದುಂಟು. ಹೃತ್ಕರ್ಣವು ಲಯತಪ್ಪಿ ಕಂಪಿಸುವ ರೋಗ, ಪಾರ್ಶ್ವವಾಯುವಿಗೆ ಕಾರಣವಾಗಬಲ್ಲದ್ದಾಗಿಯೂ, ಆಗಾಗ ಬಂದು ಹೋಗುವ ಸ್ವಭಾವದಿಂದ ವೈದ್ಯರ ಮುಂದೆ ಕುಳಿತ ಗಳಿಗೆಯಲ್ಲಿ ಕಾಣಿಸದೆ ಹೋಗಬಹುದು. ಅಮೆರಿಕದಲ್ಲಿ 4,19,297 ಮಂದಿ ಆಪಲ್ ವಾಚ್ ಧರಿಸಿ ಪಾಲ್ಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಡಿ ಕ್ರಮತಪ್ಪಿದೆಯೆಂಬ ಎಚ್ಚರಿಕೆ ಬಂದದ್ದು ಶೇಕಡ 0.52 ಜನಕ್ಕೆ, ಅವರಲ್ಲಿ ಎದೆಗೆ ಇಸಿಜಿ ಪಟ್ಟಿಯನ್ನು ಅಂಟಿಸಿಕೊಂಡು ಮುಂದಿನ ಪರೀಕ್ಷೆಗೆ ಒಳಗಾದವರ ಪೈಕಿ ಶೇಕಡ 34 ಮಂದಿಯಲ್ಲಿ ಆ ರೋಗ ಪತ್ತೆಯಾಯಿತು. ಇಲ್ಲಿ ಯಂತ್ರ ಉಪಾಧ್ಯಾಯನ ಕೆಲಸವನ್ನು ಬಿಟ್ಟು ಕಾವಲಿನ ಕೆಲಸವನ್ನು ವಹಿಸುತ್ತದೆ. ಕಾವಲಿಗೆ ಅವಧಿಯ ಮಿತಿಯಿಲ್ಲ. ಹೃದ್ರೋಗದಿಂದ ಚೇತರಿಸಿಕೊಳ್ಳುತ್ತಿರುವವರೂ, ವೈದ್ಯರು ಬೇಕೆಂದು ಹೇಳಿದವರೂ ಅದನ್ನು ವರ್ಷಾನುಗಟ್ಟಲೆ ಧರಿಸುವುದು ಯುಕ್ತವೇ ಸರಿ.

ಉಳಿದವರಿಗೆ ನನ್ನ ಸಲಹೆ ಇಷ್ಟು: ಮೂರು ತಿಂಗಳು, ಬೇಕಾದರೆ ನಾಲ್ಕು, ಶ್ರದ್ಧೆಯಿಂದ ಧರಿಸಿ, ದಿನದಿನದ ಎಣಿಕೆಯನ್ನು ಬರೆದಿಟ್ಟು, ನಡೆಯುವ ಹೊತ್ತನ್ನೂ ಹಾದಿಯನ್ನೂ ಸ್ಥಿರಪಡಿಸಿಕೊಂಡು, ಆಮೇಲೆ ನಿಶ್ಚಿಂತೆಯಿಂದ ತೆಗೆದಿಡಬಹುದು; ಮಳೆಗಾಲ ಮುಗಿದ ಮೇಲೆ, ಕಾಯಿಲೆಯಿಂದ ಎದ್ದ ಮೇಲೆ, ಉದ್ಯೋಗ ಬದಲಾದ ಮೇಲೆ, ಒಂದು ವಾರ ಮತ್ತೆ ಕಟ್ಟಿಕೊಂಡು ನಡಿಗೆ ಎಲ್ಲಿಗೆ ಇಳಿದಿದೆಯೆಂದು ನೋಡಬಹುದು.

ಭಾರತದ ವಯಸ್ಕರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನ, ಪುರುಷರಲ್ಲಿ ಶೇಕಡ 42 ಮತ್ತು ಸ್ತ್ರೀಯರಲ್ಲಿ ಶೇಕಡ 57, ಆರೋಗ್ಯಕ್ಕೆ ಬೇಕಾದಷ್ಟು ದೈಹಿಕ ಚಟುವಟಿಕೆಯಿಲ್ಲದೆ ಇದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2022ರ ಸ್ಥಿತಿಯನ್ನು ಕುರಿತು ಅಂದಾಜು ಮಾಡಿದ್ದಾರೆ. ಇದು ನನ್ನನ್ನು ಬಹಳವಾಗಿ ಕಾಡುವ ಸಂಗತಿ. ಉದ್ಯೋಗಿಗಳ ಕ್ಷೇಮಕ್ಕಾಗಿ ಬ್ಯಾಂಡುಗಳನ್ನು ಹಂಚಿ ಬಹುಮಾನಗಳನ್ನು ಘೋಷಿಸುವ ಸಂಸ್ಥೆಗಳು ಸಿಂಗಪುರದ ನಾಲ್ಕನೆಯ ಗುಂಪಿನ ಕಥೆಯನ್ನು ಓದಿಕೊಂಡರೆ, ಆ ಹಣದಲ್ಲಿ ಬಹುಭಾಗವನ್ನು ನಡೆಯಲು ಬಿಡುವನ್ನೂ ನೆರಳಿನ ಹಾದಿಯನ್ನೂ ಒದಗಿಸಲು ವಿನಿಯೋಗಿಸುವುದು ಮೇಲೆಂದು ಅವುಗಳಿಗೇ ತೋರೀತು. ಲಂಡನ್ನಿನಲ್ಲಿ ಅಂಚೆಯ ಮೂಲಕ ಹೋದದ್ದು ಒಂದು ಅಗ್ಗದ ಹೆಜ್ಜೆಮಾಪಕ, ಒಂದು ಕೈಪಿಡಿ, ಒಂದು ದಿನಚರಿ. ಅಂತಹ ಕೈಪಿಡಿಯನ್ನೂ ದಿನಚರಿಯನ್ನೂ ಕನ್ನಡದಲ್ಲಿ ಮುದ್ರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಔಷಧಿಗಾಗಿ ತಿಂಗಳು ತಿಂಗಳೂ ಬರುವವರ ಕೈಗೆ ಕೊಟ್ಟು, ಮುಂದಿನ ತಿಂಗಳು ಬಂದಾಗ ಅದನ್ನು ತೆರೆದು ಅವರೊಡನೆ ಕುಳಿತು ಓದುವ ಏರ್ಪಾಡಿಗೆ ದೊಡ್ಡ ಬಂಡವಾಳವೇನೂ ಬೇಕಾಗಿಲ್ಲ.