ಗುರಿಪಿಸ್ತೂಲಿಗೆ ಈ ರೂಪ ಬಂದ ಬಗೆ

ನಮ್ಮ ಅರಸೀಕೆರೆಯ ಕಡೆ ಕೊಡಲಿಗೆ ಕಾವು ಹಾಕಿಸುವವನು ಅದನ್ನು ಹತ್ತಾರು ಸಲ ಅಂಗೈಯಲ್ಲಿ ತಿರುವಿ, ಒತ್ತುವೆಡೆಯಲ್ಲಿ ಕೆತ್ತಿಸಿ, ಕೈಗೆ ಒಗ್ಗಿದ ಮೇಲೆಯೇ ಹೆಗಲಿಗೇರಿಸುವನು. ಸ್ಪರ್ಧೆಯ ಪಿಸ್ತೂಲಿನ ಹಿಡಿಯೂ ಹೀಗೆಯೇ ಸಿದ್ಧವಾಗುವುದೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಾರ್ಖಾನೆಯಿಂದ ಬಂದ ಮರದ ಹಿಡಿಯನ್ನು ಗುರಿಕಾರನು ಅರದಿಂದ ಉಜ್ಜಿ, ತಗ್ಗಿದ್ದಲ್ಲಿ ಪುಟ್ಟಿ ಮೆತ್ತಿ, ತನ್ನ ಅಂಗೈಯ ಅಚ್ಚಿಗೆ ತಂದುಕೊಳ್ಳುತ್ತಾನೆ. ಹಿಡಿ ಸಡಿಲವಾದರೆ ಗುಂಡುಗುಂಡಿಗೂ ಮಣಿಕಟ್ಟು ಬೇರೆ ಬೇರೆ ಭಂಗಿಯನ್ನು ತಾಳುವುದು.

ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2016ರ ರಿಯೋ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲ್ ವಿಭಾಗದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 50 ಮಿಲಿಮೀಟರ್. ಹಿಂದಿನ ಗುರಿಕಿಂಡಿಗೂ ಮುಂದಿನ ಗುರಿಕಡ್ಡಿಗೂ 220 ಮಿಲಿಮೀಟರ್ ಅಂತರವೆಂದು ಎಣಿಸಿದರೆ, ಅವುಗಳ ಹೊಂದಿಕೆಯಲ್ಲಿ 1 ಮಿಲಿಮೀಟರಿನ ಲೋಪವು ಗುರಿಹಲಗೆಯನ್ನು ಮುಟ್ಟುವಷ್ಟರಲ್ಲಿ ಒಂದು ಗೇಣಾಗಿ ಬೆಳೆದಿರುತ್ತದೆ! ಆದುದರಿಂದಲೇ ಆ ಅಂತರ ನೀಳವಾಯಿತು. ಮೂತಿ ಚಿಮ್ಮುವುದು ತಗ್ಗಲೆಂದು ನಳಿಗೆ ಮುಷ್ಟಿಯ ಸಮೀಪಕ್ಕೆ ಇಳಿಯಿತು. ಒಮ್ಮೆಗೆ ಒಂದೇ ತೋಟಾ ತುಂಬುವ ಈ ಆಯುಧದಲ್ಲಿ ಕೈಕೊಡುವ ಭಾಗಗಳೇ ವಿರಳ. 25 ಮೀಟರಿನ ಐದು ತೋಟಾಗಳ ಪಿಸ್ತೂಲಿಗೆ ಆ ನೆಮ್ಮದಿಯಿಲ್ಲ: .22 ತೋಟಾದ ಬುಡದ ಅಂಚು ಹೊರಚಾಚಿರುವುದರಿಂದ ಮ್ಯಾಗಜಿನ್ನಿನ ತುಟಿ ತುಸು ಬಾಗಿದರೂ ಅದು ಸಿಕ್ಕಿಕೊಳ್ಳುವುದುಂಟು. ಶತಮಾನ ಮೀರಿದ ಪರಂಪರೆಯುಳ್ಳ ಆ 50 ಮೀಟರ್ ಸ್ಪರ್ಧೆಯನ್ನು ರಿಯೋದ ತರುವಾಯ ಒಲಿಂಪಿಕ್ಸಿನಿಂದ ಕೈಬಿಟ್ಟುದು ನನಗೆ ನಷ್ಟವೆಂದೇ ತೋರುತ್ತದೆ.

ಚಾಚಿದ ತೋಳು ಎಂದಿಗೂ ನಿಶ್ಚಲವಲ್ಲ. ಕುದುರೆ, ಅಂದರೆ ಟ್ರಿಗರ್, ಕಳಚಿದ ಕ್ಷಣಕ್ಕೂ ಗುಂಡು ನಳಿಗೆಯನ್ನು ತೊರೆಯುವ ಕ್ಷಣಕ್ಕೂ ನಡುವಣ ಅತ್ಯಲ್ಪ ಅವಧಿಯಲ್ಲಿಯೇ ಗುರಿ ಕದಲುವುದು. ಆ ಅವಧಿಯನ್ನು ಕಿರಿದುಗೊಳಿಸಲು ತೋಟಾವನ್ನು ಬಡಿಯುವ ಸೂಜಿ ಹಗುರವಾಯಿತು, ಅದರ ಓಟ ಮೊಟಕಾಯಿತು; ಸ್ವಿಟ್ಜರ್ಲೆಂಡಿನ ಪಿಸ್ತೂಲ್ ತಯಾರಕರಾದ ಮೊರಿನಿಯವರು ಕುದುರೆಗೆ ವಿದ್ಯುತ್ತನ್ನೇ ಜೋಡಿಸಿದರು.

ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದರ ಪೂರ್ವಜರಲ್ಲಿ ಸ್ಪ್ರಿಂಗಿನ ಬಲದಿಂದ ಪಿಸ್ಟನ್ ನುಗ್ಗಿದಾಗ ಗುಂಡು ಹೊರಡುವ ಮೊದಲೇ ಕೈ ಕುಲುಕುತ್ತಿತ್ತು. ಅನಂತರ ಬಂದ ಇಂಗಾಲದ ಡೈಆಕ್ಸೈಡಿನ ಒತ್ತಡವು ಬಿಸಿಲೇರಿದಂತೆ ಏರುತ್ತಿತ್ತು. ನಮ್ಮ ಬೇಸಗೆಗೆ ಅದು ಹೇಳಿಸಿದ್ದಲ್ಲ. ಇಂದಿನ ಕೊಳವೆಯಲ್ಲಿ ಸಂಕುಚಿತ ಗಾಳಿಯಿದ್ದು, ನಿಯಂತ್ರಕವು ಗುಂಡುಗುಂಡಿಗೂ ಒಂದೇ ಒತ್ತಡವನ್ನು ಅಳೆದು ಕೊಡುತ್ತದೆ. ಇನ್ನು ಕುದುರೆಯ ಮಾತು: ಸ್ಪರ್ಧೆಗೆ ಮುನ್ನ ಪರೀಕ್ಷಕರು ನಳಿಗೆಯನ್ನು ಮೇಲ್ಮುಖವಾಗಿ ಹಿಡಿದು, ಕುದುರೆಗೆ 500 ಗ್ರಾಂ ತೂಕವನ್ನು ತಗುಲಿಸಿ, ಮೆಲ್ಲನೆ ಎತ್ತಿ ನೋಡುತ್ತಾರೆ. ಆ ಭಾರಕ್ಕೇ ಕುದುರೆ ಕಳಚಿದರೆ ಪಿಸ್ತೂಲಿಗೆ ಪ್ರವೇಶವಿಲ್ಲ.