ಮೆಟ್ರಿಕ್ ದಾಟದ ಹುಡುಗ ಪತ್ರಕರ್ತನಾದ

ಪರೀಕ್ಷೆಯ ಫಲಿತಾಂಶ ಬಂದ ವಾರ ತರೀಕೆರೆಯ ಮನೆಗಳಲ್ಲೂ ಒಂದೇ ಮಾತು: ‘ಮುಂದೇನು?’ ‘ಪೇಪರಿಗೆ ವರದಿ ಬರೆಯುವ ಕೆಲಸಕ್ಕೆ ಹೋಗುತ್ತೇನೆ’ ಎಂದು ಮಗನೋ ಮಗಳೋ ಬಾಯಿಬಿಟ್ಟರೆ ಅಪ್ಪನ ಹುಬ್ಬು ಮೇಲೇರುತ್ತದೆ. ‘ಅದರಲ್ಲಿ ಹೊಟ್ಟೆ ತುಂಬುತ್ತದೆಯೇ?’ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಮುನ್ನ ನೂರು ವರ್ಷಕ್ಕೂ ಹಿಂದಿನ ತರುಣನೊಬ್ಬನ ಕಥೆ ಕೇಳಿ.

ಆತ ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸ ಮಾಡುತ್ತಾ ಬೆಂಗಳೂರಿನಲ್ಲಿ ಪತ್ರಿಕೆಯವರ ಬಳಗ ಸೇರಿದ. ಇಪ್ಪತ್ತರ ಹರೆಯದಲ್ಲೇ ‘ಭಾರತಿ’ ದಿನಪತ್ರಿಕೆಗೆ ದುಡಿದ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾಯ್ದೆ ತಂದಿತು. ‘ಭಾರತಿ’ಯೂ ಬಹುಕಾಲ ಬಾಳಲಿಲ್ಲ. ಹುಡುಗ ಎದೆಗುಂದಲಿಲ್ಲ. 1913ರಲ್ಲಿ, ತನ್ನ 26ನೇ ವಯಸ್ಸಿನಲ್ಲಿ, ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ಹೊರಡಿಸಿದ! ಆತನೇ ನಮ್ಮ ಡಿ.ವಿ. ಗುಂಡಪ್ಪ.

ಶಾಲೆ ಬಿಟ್ಟರೂ ಡಿವಿಜಿ ಓದು ಬಿಡಲಿಲ್ಲ. ಇಂಗ್ಲಿಷ್, ಸಂಸ್ಕೃತ, ರಾಜ್ಯಶಾಸ್ತ್ರಗಳನ್ನು ಸ್ವಂತ ಶ್ರಮದಿಂದ ಕಲಿತರು. ಪತ್ರಿಕೆಯ ಕೆಲಸವೆಂದರೇನೆಂದು ತಿಳಿಸಲು ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದರು. ತಿಳಿದು ಬರೆಯಬೇಕು, ಯಾರ ಹಂಗಿಗೂ ಬೀಳಬಾರದು: ಅವರ ಬದುಕು ಕಲಿಸುವ ಪಾಠ ಇದು.

ಈ ಪಾಠ ನಮ್ಮೂರಿಗೂ ಸಲ್ಲುತ್ತದೆ. ಕೆರೆ ಏರಿ ಬಿರುಕು ಬಿಟ್ಟಿದೆ ಎಂಬ ಸುದ್ದಿ ಬಂತೆನ್ನಿ. ಮೊಬೈಲಿನಲ್ಲಿ ಅದು ಆಗಲೇ ‘ಕೆರೆ ಒಡೆಯಿತು’ ಎಂದು ಹರಿದಾಡುತ್ತಿರುತ್ತದೆ. ಒಳ್ಳೆಯ ವರದಿಗಾರ ಮೊದಲು ಏರಿಯ ಮೇಲೆ ಹೋಗಿ ನಿಲ್ಲುತ್ತಾನೆ. ಕೆಳಗಿನ ತೋಟದವರನ್ನು ಮಾತಾಡಿಸುತ್ತಾನೆ, ಎಂಜಿನಿಯರನ್ನು ಕೇಳುತ್ತಾನೆ, ಆಮೇಲೆ ಬರೆಯುತ್ತಾನೆ. ಅಡಿಕೆ ಧಾರಣೆಯಲ್ಲಿ ಒಂದು ಅಂಕಿ ತಪ್ಪಾದರೂ ಅದನ್ನು ನಂಬಿ ಮಾಲು ಮಾರಿದ ರೈತನಿಗೆ ನಷ್ಟ.

ಇಂದು ಪದವಿ ಇಲ್ಲದೆ ಪತ್ರಿಕಾ ಕಚೇರಿಯ ಬಾಗಿಲು ತೆರೆಯುವುದು ಕಷ್ಟ. ತರೀಕೆರೆಗೆ ಹತ್ತಿರದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಪತ್ರಿಕೋದ್ಯಮ ಕಲಿಯಲು ಅಲ್ಲಿ ಅವಕಾಶವುಂಟು. ಆದರೆ ಪದವಿ ಬಾಗಿಲು ತೆರೆಸೀತು, ಒಳಗೆ ಉಳಿಸುವುದು ಓದುಗರ ನಂಬಿಕೆ.

ಇನ್ನು ಅಪ್ಪನ ಪ್ರಶ್ನೆ. ಆರಂಭದಲ್ಲಿ ಕೈತುಂಬ ಸಂಬಳ ಸಿಕ್ಕೀತೆಂದು ಆಸೆ ಹುಟ್ಟಿಸುವುದು ಸರಿಯಲ್ಲ. ಆದ್ದರಿಂದ ಕಾಲೇಜು ಸೇರುವ ಮೊದಲೇ ಮಕ್ಕಳು ಮನೆಯಲ್ಲೊಂದು ಪರೀಕ್ಷೆ ಬರೆಯಲಿ. ಬೀದಿಯಲ್ಲಿ ನಡೆದ ಒಂದು ಜಗಳವನ್ನು ಹತ್ತು ಸಾಲಿನಲ್ಲಿ ಬರೆದು ಎರಡೂ ಕಡೆಯವರಿಗೆ ಓದಿ ಹೇಳಲಿ. ‘ಹೌದು, ನಡೆದದ್ದು ಹೀಗೇ’ ಎಂದು ಇಬ್ಬರೂ ಒಪ್ಪಿದರೆ, ಅಪ್ಪನೂ ಒಪ್ಪಬಹುದು!