ಮನೆಯ ಸಾಮಾನಿನಲ್ಲೇ ಕಾರ್ಪೆಟ್ ಶುಚಿ

ಕಾರ್ಪೆಟ್ಟಿನ ಕೊಳೆಯಲ್ಲಿ ಬಹುಪಾಲು ಒಣ ಮಣ್ಣು, ಮರಳು, ಕೂದಲು ಮತ್ತು ಉದುರಿದ ಚರ್ಮದ ಹೊಟ್ಟು. ಕಣ್ಣಿಗೆ ಹೊಡೆಯುವ ಕಲೆಗಳ ಪಾಲು ಅದರಲ್ಲಿ ಕಡಿಮೆ. ಕಾಲಿಗಂಟಿ ಬಂದ ಮರಳಿನ ಹರಳು ಉಣ್ಣೆ ಅಥವಾ ನೈಲಾನಿಗಿಂತ ಎಷ್ಟೋ ಪಟ್ಟು ಗಡಸು. ಅದು ಎಳೆಗಳ ಬುಡಕ್ಕಿಳಿದು, ಪ್ರತಿ ಹೆಜ್ಜೆಗೂ ಅವನ್ನು ಗೀರಿ ಸವೆಸುತ್ತದೆ. ಓಡಾಟ ಹೆಚ್ಚಿರುವ ಜಾಗ ಎಷ್ಟು ತೊಳೆದರೂ ಮಂಕಾಗಿಯೇ ಕಾಣುವುದಕ್ಕೆ ಈ ಗೀರುಗಳೇ ಮುಖ್ಯ ಕಾರಣ.

ಹಾಗಾಗಿ ಮೊದಲ ಕೆಲಸಕ್ಕೆ ನೀರು ಬೇಡ. ಎತ್ತಲು ಬರುವ ಕಾರ್ಪೆಟ್ಟನ್ನು ಹೊರಗೆ ಗಟ್ಟಿ ಹಗ್ಗದ ಮೇಲೆ ಹಾಕಿ, ಹಿಂಬದಿಯಿಂದ ಕೋಲಿನಲ್ಲಿ ಬಡಿಯಬೇಕು. ದೊಡ್ಡದಾದರೆ ವ್ಯಾಕ್ಯೂಮ್ ಕ್ಲೀನರನ್ನು ನಿಧಾನವಾಗಿ, ಎರಡು ದಿಕ್ಕಿನಲ್ಲೂ ಓಡಿಸಬೇಕು. ಧೂಳು ತೆಗೆಯದೆ ನೀರು ಹಾಕಿದರೆ ಅದು ಕೆಸರಾಗಿ ಎಳೆಗಳ ಬುಡದಲ್ಲಿ ಕೂತುಬಿಡುತ್ತದೆ.

ಮುಂದಿನ ಹೆಜ್ಜೆ, ಕಾರ್ಪೆಟ್ ಯಾವ ನೂಲಿನದು ಎಂದು ತಿಳಿಯುವುದು. ಮನೆಮದ್ದಿನ ಸಲಹೆಗಳು ಬಹುತೇಕ ಇದನ್ನು ಕೇಳುವುದೇ ಇಲ್ಲ. ಅವು ಕೈಕೊಡುವುದೂ ಇಲ್ಲಿಯೇ. ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿದರೆ ಗೊತ್ತಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕರಿಯ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ನೈಲಾನ್, ಪಾಲಿಪ್ರೊಪಿಲೀನ್‌ನಂಥ ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಕಾಶ್ಮೀರದ ಉಣ್ಣೆಯ ರತ್ನಗಂಬಳಿಯಲ್ಲಿ ಎಳೆಗಳ ರಾಶಿ ಎದ್ದುನಿಂತಿರುತ್ತದೆ. ನವಲಗುಂದದ ಜಮಖಾನೆ ಹತ್ತಿಯದು, ನೇಯ್ಗೆ ಚಪ್ಪಟೆ. ಒಂದಕ್ಕೆ ಒಗ್ಗುವ ಉಪಚಾರ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಉಣ್ಣೆ ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನು. ತೀಕ್ಷ್ಣ ಕ್ಷಾರ ಅದನ್ನು ಒಡೆಯುತ್ತದೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ರಕ್ತ, ಹಾಲಿನ ಕಲೆ ಕರಗಿಸಲು ಸೇರಿಸುವ ಕಿಣ್ವಗಳು ಕಲೆಯ ಪ್ರೋಟೀನನ್ನೂ ಉಣ್ಣೆಯ ಪ್ರೋಟೀನನ್ನೂ ಬೇರ್ಪಡಿಸಿ ನೋಡುವುದಿಲ್ಲ. ಆದ್ದರಿಂದ ಉಣ್ಣೆಗೆ ಒಗೆಯುವ ಪುಡಿ, ವಾಷಿಂಗ್ ಸೋಡಾ, ಬಿಸಿನೀರು ಮೂರೂ ಸಲ್ಲವು. ಕ್ಲೋರಿನ್ ಬ್ಲೀಚ್‌ನಲ್ಲಿ ನೆನೆಸಿಟ್ಟರೆ ಉಣ್ಣೆ ಕರಗಿಯೇ ಹೋಗುತ್ತದೆ. ಅಂಟುವಾಳದ ಕಾಯಿಯ ನೀರು ಮಾತ್ರ ಸೌಮ್ಯ. ಅದರಲ್ಲಿರುವ ಸಪೋನಿನ್ ನೊರೆಯೆಬ್ಬಿಸಿ ಜಿಡ್ಡನ್ನು ಬಿಡಿಸುತ್ತದೆ, ಎಳೆಗೆ ಹಾನಿ ಮಾಡುವುದಿಲ್ಲ. ಆದರೆ ಆ ನೀರಿಗೆ ಕಂದು ಬಣ್ಣವಿರುವುದರಿಂದ ತಿಳಿಬಣ್ಣದ ಕಾರ್ಪೆಟ್ಟಿಗೆ ಬಳಸುವ ಮುನ್ನ ಮೂಲೆಯಲ್ಲಿ ಪರೀಕ್ಷಿಸುವುದು ಒಳ್ಳೆಯದು.

ಎಲ್ಲ ಬಗೆಯ ನೂಲಿಗೂ ಸಾಮಾನ್ಯವಾಗಿ ಸಾಕಾಗುವುದು ಪಾತ್ರೆ ತೊಳೆಯುವ ಲಿಕ್ವಿಡ್. ಒಂದು ಲೋಟ, ಅಂದರೆ ಸುಮಾರು 250 ಮಿಲಿ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ. ಇದಕ್ಕಿಂತ ಹೆಚ್ಚು ಹಾಕಿದರೆ ಕೆಡುಕೇ ಹೆಚ್ಚು. ತೊಳೆದು ಹೋಗದೆ ಉಳಿದ ಮಾರ್ಜಕ ಒಣಗಿದ ಮೇಲೂ ಅಂಟಂಟಾಗಿದ್ದು ಹೊಸ ಧೂಳನ್ನು ಹಿಡಿದುಕೊಳ್ಳುತ್ತದೆ, ವಾರ ಕಳೆಯುವಷ್ಟರಲ್ಲಿ ಅದೇ ಜಾಗ ಮತ್ತೆ ಕಪ್ಪಾಗುತ್ತದೆ. ದ್ರಾವಣವನ್ನು ಕಾರ್ಪೆಟ್ಟಿನ ಮೇಲೆ ಸುರಿಯಬಾರದು. ಬಿಳಿಯ ಹತ್ತಿಬಟ್ಟೆ ಅದ್ದಿ ಹಿಂಡಿ, ಕಲೆಯ ಹೊರ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತಾ ಬರಬೇಕು. ತಿಕ್ಕಿದರೆ ಕಲೆ ಹರಡುತ್ತದೆ, ಎಳೆಯ ತುದಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಬರಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಮೂರು ಸಲ ಒತ್ತಬೇಕು.

ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದು ನೊರೆ ಉಕ್ಕಿಸುವುದು ಬಹಳ ಜನಪ್ರಿಯ. ಆದರೆ ಕ್ಷಾರಗುಣದ ಸೋಡಾ ಮತ್ತು ಆಮ್ಲವಾದ ವಿನೆಗರ್ ಕೂಡಿದಾಗ ಒಂದು ಇನ್ನೊಂದರ ಗುಣವನ್ನು ಅಳಿಸಿಬಿಡುತ್ತದೆ. ಉಕ್ಕುವುದು ಇಂಗಾಲದ ಡೈಆಕ್ಸೈಡ್. ಹಿಂದುಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ. ಕೊಳೆ ತೆಗೆಯುವ ಶಕ್ತಿ ಅದಕ್ಕೆ ಇಲ್ಲವೆಂದೇ ಹೇಳಬೇಕು. ಬೇರೆಬೇರೆಯಾಗಿ ಬಳಸಿದರೆ ಮಾತ್ರ ಎರಡೂ ಉಪಯುಕ್ತ. ಒಣ ಅಡುಗೆ ಸೋಡಾವನ್ನು ಚಿಮುಕಿಸಿ ಕೆಲವು ಗಂಟೆ ಬಿಟ್ಟರೆ, ಹಳಸಿದ ಹಾಲು, ಬೆವರಿನ ದುರ್ನಾತಕ್ಕೆ ಕಾರಣವಾದ ಆಮ್ಲಗಳನ್ನು ಅದು ತಟಸ್ಥಗೊಳಿಸುತ್ತದೆ. ಆಮೇಲೆ ವ್ಯಾಕ್ಯೂಮಿನಿಂದ ಎಳೆದರಾಯಿತು. ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು ಬೆರೆಸಿದರೆ ಕಾಫಿ, ಚಹಾದ ಕಲೆಗೆ ಚೆನ್ನಾಗಿ ಒದಗುತ್ತದೆ. ಬ್ಲೀಚ್ ಜೊತೆಗಂತೂ ವಿನೆಗರ್ ಸೇರಿಸಲೇಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಹಾಲು ಹಾಕಿದ ಕಾಫಿಯಲ್ಲಿ ಪ್ರೋಟೀನು, ಕೊಬ್ಬು, ಟ್ಯಾನಿನ್ ಮೂರೂ ಇರುತ್ತವೆ. ಬಿಸಿನೀರು ಹಾಕಿದರೆ ಪ್ರೋಟೀನು ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುವುದರಿಂದ ಮೊದಲು ತಣ್ಣೀರು, ನಂತರ ಲಿಕ್ವಿಡ್, ಕೊನೆಗೆ ವಿನೆಗರ್ ನೀರು ಎಂಬ ಕ್ರಮ ಸರಿ. ಎಣ್ಣೆ ಚೆಲ್ಲಿದರೆ ತಕ್ಷಣ ಕಾರ್ನ್‌ಫ್ಲೋರ್ ಅಥವಾ ಟಾಲ್ಕಮ್ ಪೌಡರ್ ಹಾಕಿ ಹೀರಿಸಬೇಕು. ಪಾಲಿಪ್ರೊಪಿಲೀನ್ ನೀರನ್ನು ಹೀರುವುದಿಲ್ಲ, ಎಣ್ಣೆಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಲ್ಲಿ ಈ ಆತುರ ಇನ್ನಷ್ಟು ಅಗತ್ಯ.

ಹುಳಿ, ಸಾರು ಬಿದ್ದಾಗ ಉಳಿಯುವ ಅರಿಶಿನದ ಕಲೆ ಎಲ್ಲಕ್ಕಿಂತ ಹಟಮಾರಿ. ಅದರ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಸೋಪು ತಾಗಿದೊಡನೆ ಕೆಂಪಾಗುತ್ತದೆ. ಅದು ಕ್ಷಾರಕ್ಕೆ ಬಣ್ಣ ಬದಲಿಸುವ ಅದರ ಗುಣ, ಕಲೆ ಹೆಚ್ಚಿತೆಂದು ಗಾಬರಿಯಾಗಬೇಕಿಲ್ಲ. ಲಿಕ್ವಿಡ್‌ನಿಂದ ಜಿಡ್ಡು ತೆಗೆದ ಮೇಲೆ ಸರ್ಜಿಕಲ್ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒತ್ತಿದರೆ ಹಳದಿ ಬಟ್ಟೆಗೆ ಬರುತ್ತದೆ. ಉಳಿದದ್ದನ್ನು ಬಿಸಿಲಿಗೆ ಬಿಡಬಹುದು. ಬೆಳಕು ಕರ್ಕ್ಯುಮಿನ್ನನ್ನು ಒಡೆಯುತ್ತದೆ, ಬಿಳಿ ಹತ್ತಿಯ ಜಮಖಾನೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಗಾಢಬಣ್ಣದವು ಬಿಸಿಲಿಗೆ ಮಾಸುವುದರಿಂದ ಅವಕ್ಕೆ ಇದು ಬೇಡ.

ಹೋಯಿತೆಂದುಕೊಂಡ ಕಲೆ ಮರುದಿನ ಅದೇ ಜಾಗದಲ್ಲಿ ಕಾಣಿಸಿಕೊಳ್ಳುವುದುಂಟು. ನೀರು ಎಳೆಗಳ ತುದಿಯಿಂದ ಆವಿಯಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಎಳೆಗಳು ಬುಡದ ನೀರನ್ನು, ಅದರಲ್ಲಿ ಕರಗಿದ ಕೊಳೆಯನ್ನು ಮೇಲಕ್ಕೆ ಎಳೆಯುತ್ತವೆ. ನೀರು ಹಾರುತ್ತದೆ, ಕೊಳೆ ತುದಿಯಲ್ಲಿ ಉಳಿಯುತ್ತದೆ. ಒದ್ದೆ ಜಾಗದ ಮೇಲೆ ದಪ್ಪಗೆ ಮಡಿಸಿದ ಬಿಳಿ ಟವೆಲ್ ಹಾಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ನಾಲ್ಕಾರು ಪುಸ್ತಕ ಹೇರಿ ರಾತ್ರಿಯಿಡೀ ಬಿಟ್ಟರೆ ಆ ಕೊಳೆ ಟವೆಲ್ಲಿಗೆ ಏರುತ್ತದೆ. ಬೆನ್ನಿಗೆ ಸೆಣಬು ಹಾಕಿದ ಕಾರ್ಪೆಟ್ ಅತಿಯಾಗಿ ನೆನೆದರೆ ಸೆಣಬಿನ ಕಂದು ಬಣ್ಣವೂ ಹೀಗೆಯೇ ಮೇಲೇರುತ್ತದೆ. ಅದಕ್ಕೂ ತೆಳು ವಿನೆಗರ್ ನೀರೇ ಮದ್ದು.

ಟವೆಲ್ ತೆಗೆದ ಮೇಲೆ ಫ್ಯಾನ್ ಹಾಕಿ, ಕಿಟಕಿ ತೆರೆದು, ಅಂಚು ಎತ್ತಿ ಅಡಿಯಲ್ಲಿ ಗಾಳಿಯಾಡುವಂತೆ ಮಾಡಬೇಕು. ಒಂದೆರಡು ದಿನ ಒದ್ದೆಯಾಗಿ ಉಳಿದರೆ ಬೂಷ್ಟು ಬೆಳೆಯುತ್ತದೆ, ಧೂಳಿನ ನುಸಿಗೂ ತೇವವೇ ಇಷ್ಟ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪೂರ್ತಿ ತೊಳೆಯುವ ಕೆಲಸವನ್ನು ಮುಂದೂಡಿ, ಬಿದ್ದ ಕಲೆಯನ್ನಷ್ಟೇ ತೆಗೆದುಕೊಳ್ಳುವುದು ಕ್ಷೇಮ.